ತಿರುಗಲೆಂದೇ ಮಾಡಿದ್ದನ್ನು ಮುಟ್ಟಲು ಬಿಡಿ

ಸಂಪಾದಕರಿಗೆ ನಮಸ್ಕಾರ.

ನಾನು ಗಣಿತ ಶಿಕ್ಷಕಿ. ಪ್ರತಿ ವರ್ಷ ಎಂಟನೇ ತರಗತಿಯ ಮಕ್ಕಳ ಜೊತೆ ಕೂತು ರಟ್ಟಿನ ಉಂಗುರ ಮಾಡುತ್ತೇನೆ. ನಾಲ್ಕು ತ್ರಿಭುಜ ಸೇರಿದರೆ ಒಂದು ಪುಟ್ಟ ಗೋಪುರ. ಅಂಥ ಆರನ್ನು ಅಂಚಿಗೆ ಅಂಚು ಅಂಟಿಸಿ ಸುತ್ತು ಮುಚ್ಚಿದರೆ, ಉಂಗುರ ತನ್ನೊಳಗೇ ಮಗುಚಿಕೊಳ್ಳುತ್ತದೆ. ಒಳಗೆ ಅಡಗಿದ್ದ ಬಣ್ಣ ಹೊರಗೆ ಬರುತ್ತದೆ. ಆದರೆ ತ್ರಿಭುಜದ ಮೂರೂ ಬದಿ ಸಮ ಇದ್ದರೆ ಆರು ಸಾಲದು, ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಎಂಟು ಬೇಕು. ಆರರಲ್ಲೇ ತಿರುಗಬೇಕಾದರೆ ಎರಡು ಬದಿ ಸಮ ಇರುವ ತ್ರಿಭುಜ ತಗೊಂಡು, ಅದರ ಎತ್ತರವನ್ನು ಪಾದದಷ್ಟೇ ಇಡಬೇಕು. ಬೋರ್ಡಿನ ಮೇಲೆ ಬರೆದರೆ ಇದು ಯಾರ ತಲೆಗೂ ಹೋಗುವುದಿಲ್ಲ. ಕೈಯಲ್ಲಿ ಸಿಕ್ಕಿಕೊಂಡಾಗ ಮಾತ್ರ ‘ಯಾಕೆ ಟೀಚರ್?’ ಅಂತ ಕೇಳುತ್ತಾರೆ.

ಈ ಸಲ ಆ ಉಂಗುರಗಳನ್ನು ಒಂದು ಪ್ರದರ್ಶನಕ್ಕೆ ಕೊಟ್ಟಿದ್ದೆವು. ಹೋಗಿ ನೋಡಿದರೆ ಎಲ್ಲವೂ ಗಾಜಿನ ಪೆಟ್ಟಿಗೆಯೊಳಗೆ, ಪಕ್ಕದಲ್ಲಿ ‘ಮುಟ್ಟಬೇಡಿ’ ಎಂಬ ಚೀಟಿ. ನನ್ನ ಜೊತೆಗಿದ್ದ ಹುಡುಗಿ ಕೇಳಿದಳು: ‘ಇದು ತಿರುಗುತ್ತೆ ಅಂತ ನೋಡೋರಿಗೆ ಹೇಗೆ ಗೊತ್ತಾಗುತ್ತೆ?’ ನನಗೆ ಉತ್ತರ ಹೊಳೆಯಲಿಲ್ಲ. ತುಂಬಾ ಬೇಜಾರಾಯಿತು.

ಬ್ರೆಜಿಲ್‌ನ ಕಲಾವಿದೆ ಲಿಜಿಯಾ ಕ್ಲಾರ್ಕ್ 1960ರ ಸುಮಾರಿಗೆ ಲೋಹದ ತಗಡುಗಳಿಗೆ ಕೀಲು ಹಾಕಿ ‘ಬಿಚೋ’ ಎಂಬ ಶಿಲ್ಪಗಳನ್ನು ಮಾಡಿದರು. ಬಿಚೋ ಅಂದರೆ ಪ್ರಾಣಿ. ನೋಡಲು ಬಂದವರೇ ಮಡಚಿ, ಬಿಚ್ಚಿ ಅದಕ್ಕೆ ಹೊಸ ಆಕಾರ ಕೊಡಬೇಕು. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಮೋಮಾ 2014ರಲ್ಲಿ ಅವರ ಪ್ರದರ್ಶನ ಮಾಡಿದಾಗ, ಜನ ಕೈಯಲ್ಲಿ ಹಿಡಿದು ಆಡಿಸಲೆಂದು ಪ್ರತಿಕೃತಿಗಳನ್ನೂ ಇಟ್ಟಿತ್ತು. ಅಷ್ಟು ಮಾಡಿದರೆ ಸಾಕಲ್ವಾ?

ಬದಲಾಗಲೆಂದೇ ಕಟ್ಟಿದ ಕಟ್ಟಡಗಳ ಕಥೆಯೂ ಇದೇ. ಟೋಕಿಯೊದಲ್ಲಿ 1972ರಲ್ಲಿ ವಾಸ್ತುಶಿಲ್ಪಿ ಕಿಶೊ ಕುರೊಕಾವಾ ಕಟ್ಟಿದ ನಕಗಿನ್ ಕ್ಯಾಪ್ಸೂಲ್ ಟವರ್‌ನಲ್ಲಿ 140 ಕೋಣೆಗಳಿದ್ದವು. ಒಂದೊಂದೂ ನಾಲ್ಕೇ ಬೋಲ್ಟ್‌ಗಳಲ್ಲಿ ನಿಂತಿತ್ತು. ಸುಮಾರು 25 ವರ್ಷಕ್ಕೊಮ್ಮೆ ಹಳೇ ಕೋಣೆ ತೆಗೆದು ಹೊಸದು ಕೂರಿಸಬೇಕು ಎಂಬುದು ಯೋಜನೆ. ಒಂದನ್ನೂ ಬದಲಾಯಿಸಲಿಲ್ಲ. 2022ರಲ್ಲಿ ಇಡೀ ಕಟ್ಟಡವನ್ನೇ ಬಿಚ್ಚಿಹಾಕಿದರು.

ಆದರೆ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ 1924ರಲ್ಲಿ ಕಟ್ಟಿದ ಶ್ರೋಡರ್ ಮನೆ ನೋಡಿ. ಕಟ್ಟಿದ ವಾಸ್ತುಶಿಲ್ಪಿ ರೀಟ್‌ವೆಲ್ಡ್ ಮೊದಲು ಮರಗೆಲಸ ಕಲಿತವರು. ಮಹಡಿಯ ಗೋಡೆಗಳನ್ನು ಕೈಯಿಂದಲೇ ಸರಿಸಬಹುದು. ಸರಿಸಿದರೆ ಒಂದೇ ದೊಡ್ಡ ಹಾಲ್, ಎಳೆದರೆ ಬೇರೆ ಬೇರೆ ಕೋಣೆ. ಮನೆ ಕಟ್ಟಿಸಿದ ಟ್ರೂಸ್ ಶ್ರೋಡರ್ 1985ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಕೋಣೆ ಬದಲಾಯಿಸಲು ಕ್ರೇನ್ ಬೇಕಿರಲಿಲ್ಲ, ಯಾರನ್ನೂ ಒಪ್ಪಿಸಬೇಕಾಗಿರಲಿಲ್ಲ. ನನಗಂತೂ ಈ ಮನೆಯೇ ಜಾಸ್ತಿ ಇಷ್ಟ.

ಪ್ರದರ್ಶನ ನಡೆಸುವವರಲ್ಲಿ ನನ್ನ ಕೋರಿಕೆ: ಗಾಜಿನ ಪೆಟ್ಟಿಗೆಯ ಮುಂದೆ ಒಂದನ್ನಾದರೂ ಕೈಗೆ ಸಿಗುವಂತೆ ಇಡಿ. ಹರಿದರೆ ಹರಿಯಲಿ, ಮಕ್ಕಳು ಒಂದು ಮಧ್ಯಾಹ್ನದಲ್ಲಿ ಇನ್ನೊಂದು ಮಾಡಿಕೊಡುತ್ತಾರೆ.

ನಿಮ್ಮಲ್ಲೂ ಒಂದು ಕೋರಿಕೆ ಇದೆ. ಭಾನುವಾರದ ಮಕ್ಕಳ ಪುಟದಲ್ಲಿ ಈ ಉಂಗುರದ ನಕ್ಷೆಯನ್ನು ಒಮ್ಮೆ ಅಚ್ಚು ಹಾಕಿ. ಪತ್ರಿಕೆಯ ಕಾಗದ ತೆಳು, ಹಾಗಾಗಿ ಮೊದಲು ರಟ್ಟಿಗೆ ಅಂಟಿಸಿ, ಒಣಗಿದ ಮೇಲೆ ಕತ್ತರಿಸಲು ಹೇಳಬೇಕು. ಅಳತೆ ಹಾಕಿದ ನಕ್ಷೆಯನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ.

ಇಂತಿ,
ಒಬ್ಬ ಗಣಿತ ಶಿಕ್ಷಕಿ