ಒಂದು ವರ್ಷವಾಯಿತು, ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು

ಕುಡಿತ ಬಿಟ್ಟು ಇವತ್ತಿಗೆ 365 ದಿನ. ಎಣಿಸಿದ್ದು ನಾನಲ್ಲ, ಮಗಳು.

ಮೊದಲ ಥ್ಯಾಂಕ್ಸ್ ತಮ್ಮನಿಗೆ. ಡಾಕ್ಟರೂ ಬೇಡ, ಯಾರೂ ಬೇಡ ಎಂದು ಹಟ ಹಿಡಿದು ಒಂದು ದಿನ ಏಕಾಏಕಿ ಬಿಟ್ಟೆ. ಮಾರನೇ ದಿನ ಕೈ ನಡುಗಿ ಲೋಟ ಹಿಡಿಯಲಾಗಲಿಲ್ಲ. ಮೂರನೇ ದಿನ ಗೋಡೆ ತುಂಬ ಇರುವೆ ಕಂಡವು. ಒಂದು ಇರುವೆಯೂ ಇರಲಿಲ್ಲ! ತಲೆ ಕೆಟ್ಟಿದೆ, ಮಲಗಿದರೆ ಸರಿಹೋಗುತ್ತದೆ ಎಂದರು ಮನೆಯವರು. ತಮ್ಮ ಕೇಳಲಿಲ್ಲ, ಹೊತ್ತುಕೊಂಡೇ ಆಸ್ಪತ್ರೆಗೆ ಹೋದ. ವರ್ಷಗಟ್ಟಲೆ ಕುಡಿದರೆ ಮಿದುಳು ಆ ಮಂಪರನ್ನು ಮೀರಲು ಜೋರಾಗಿ ಓಡುವುದನ್ನು ಕಲಿತಿರುತ್ತದೆ. ಮದ್ಯ ತಟ್ಟನೆ ನಿಂತರೂ ಆ ಓಟ ನಿಲ್ಲುವುದಿಲ್ಲ. ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ದಿನಾ ಜಾಸ್ತಿ ಕುಡಿಯುವವರು ಡಾಕ್ಟರಿಗೆ ತೋರಿಸಿಕೊಂಡೇ ಬಿಡಿ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ... ಬಿಡಿ, ನಾನೆಲ್ಲಿ ಕೇಳುತ್ತಿದ್ದೆ.

ವಾರ್ಡಿನ ಸಿಸ್ಟರ್‌ಗಳೇ, ಥಯಾಮಿನ್ ಇಂಜೆಕ್ಷನ್ ಕೊಡುವಾಗೆಲ್ಲ ಬೈದೆ, ಕ್ಷಮಿಸಿ. ಆ ಬಿ1 ವಿಟಮಿನ್ ತೀರಾ ಕಡಿಮೆಯಾದರೆ ಮರೆವು ಶಾಶ್ವತವಾಗಿ ಉಳಿದುಬಿಡಬಹುದು ಎಂದು ಆಮೇಲೆ ಗೊತ್ತಾಯಿತು. ಕುಡಿದ ಮೇಲೆ ನಿದ್ದೆ ಮಾತ್ರೆಯನ್ನೂ ನುಂಗುತ್ತಿದ್ದೆ ಎಂದಾಗ ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಎರಡೂ ಸೇರಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದಂತೆ.

ಹೆಂಡತಿಗೆ ಥ್ಯಾಂಕ್ಸ್ ಹೇಳುವುದೇ ಕಷ್ಟ. ಎಷ್ಟೋ ವರ್ಷ 'ಅವರಿಗೆ ಜ್ವರ' ಎಂದು ಆಫೀಸಿಗೆ ಅವಳೇ ಫೋನ್ ಮಾಡುತ್ತಿದ್ದಳು. ಹೇಳಿಸುತ್ತಿದ್ದವನು ನಾನು. ಒಂದು ಬೆಳಿಗ್ಗೆ ಫೋನ್ ನನ್ನ ಕೈಗೆ ಕೊಟ್ಟು, 'ನೀವೇ ಹೇಳಿ' ಎಂದಳು. ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಿಡಬೇಕು ಅನ್ನಿಸಿದ್ದೂ ಅವತ್ತೇ.

ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ. ಅಲ್ಲಿನ ಗೆಳೆಯರ ಹೆಸರು ಹೇಳುವಂತಿಲ್ಲ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ ಹುಟ್ಟಿದ್ದು ಅದು. ಈಗಲೂ ಅಲ್ಲಿ ನಡೆಯುವುದು ಅಷ್ಟೇ, ಮಾತು. ಬುದ್ಧಿ ಹೇಳಲು ಯಾರಿಗೂ ಪುರುಸೊತ್ತಿಲ್ಲ. ಮದ್ಯದಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 26 ಲಕ್ಷ ಜನ ಸತ್ತರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಸಂಖ್ಯೆ ನನಗೆ ತಟ್ಟಲೇ ಇಲ್ಲ. ನನ್ನ ಪಕ್ಕ ಕೂರುತ್ತಿದ್ದವರೊಬ್ಬರು ಮತ್ತೆ ಶುರುಮಾಡಿಕೊಂಡು, ಎರಡು ತಿಂಗಳಲ್ಲಿ ಹೋಗಿಬಿಟ್ಟಾಗ ತಟ್ಟಿತು.

ಇನ್ನು ಜೊತೆಗೆ ಕುಡಿಯುತ್ತಿದ್ದ ಗೆಳೆಯರು. 'ಒಂದೇ ಒಂದು ಪೆಗ್ಗು' ಎಂದು ಒತ್ತಾಯ ಮಾಡಲಿಲ್ಲವಲ್ಲ, ಅದು ದೊಡ್ಡದು. ಸಂಜೆ ಏಳಾದರೆ ಈಗಲೂ ಬಾಯಿ ಒಣಗುತ್ತದೆ. ಆಗ ಫೋನ್ ಮಾಡುತ್ತೇನೆ, ಎತ್ತಿ.