ಕರಪತ್ರ ಬಂತು, ವಾರ್ಡ್ ಸಭೆ ಯಾವಾಗ?

ಮಾನ್ಯ ಸಂಪಾದಕರೇ,

ನಮ್ಮ ಪಂಚಾಯಿತಿ ಸದಸ್ಯರೊಬ್ಬರು ವಾರ್ಡಿನ ಕೆಲಸಗಳ ವಿವರವನ್ನು ಕರಪತ್ರ ಮಾಡಿ ಮನೆಮನೆಗೆ ಹಂಚಿದ್ದಾರೆ. ಚುನಾವಣೆ ಇಲ್ಲದ ಹೊತ್ತಲ್ಲೂ ಬಾಗಿಲಿಗೆ ಬಂದರಲ್ಲ, ಖುಷಿ. ಬೀದಿದೀಪ, ನೀರಿನ ಪೈಪಿನ ವಿಷಯ ಬರೆದದ್ದೂ ಸರಿಯಾಗೇ ಇದೆ.

ಆದರೆ ಚರಂಡಿ ‘ಸ್ವಚ್ಛವಾಗಿದೆ’ ಅಂದದ್ದು ಅರ್ಧ ನಿಜ. ತೆಗೆದ ಹೂಳನ್ನು ಪಕ್ಕದಲ್ಲೇ ಗುಡ್ಡೆ ಹಾಕಿ ಹೋಗಿದ್ದಾರೆ. ಹಾಲಿನ ಕವರು, ಗುಟ್ಕಾ ಪ್ಯಾಕೆಟ್ಟು, ಅಡಿಕೆ ಹಾಳೆಯ ಚೂರು ಎಲ್ಲ ಅದರಲ್ಲೇ ಇವೆ. ಒಂದು ಜೋರು ಮಳೆ ಬಂದರೆ ಮತ್ತೆ ಒಳಗೆ. ಅಲ್ಲಿಂದ ತೋಡಿಗೆ (ಸಣ್ಣ ಹಳ್ಳಕ್ಕೆ), ತೋಡಿನಿಂದ ಪಯಸ್ವಿನಿ ನದಿಗೆ. ಘಟ್ಟದ ಕಸ ಕಾಸರಗೋಡಿನ ಕಡಲು ಸೇರುವುದು ಹೀಗೇ ಅಲ್ವಾ?

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದದ್ದನ್ನು ಕಂಡವರು ನಾವು. ಹರಿಯಲು ದಾರಿ ಸಿಗದ ನೀರು ಬರೆಯೊಳಗೆ, ಅಂದರೆ ಗುಡ್ಡದ ಕಡಿದಾದ ಬದಿಯ ಮಣ್ಣಿನೊಳಗೆ, ಇಳಿಯುತ್ತದೆ. ಆದರೂ ಬರೆ ಕಡಿದು ಮನೆ ಕಟ್ಟುವುದು ನಿಂತಿಲ್ಲ. ಕರಪತ್ರದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.

ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ನಡೆಯಬೇಕು ಅಂತ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಮಳೆ ಹಿಡಿಯುವ ಮೊದಲು ಸದಸ್ಯರು ಅದನ್ನು ಕರೆಯಲಿ. ಸಂಜೆ ಇಟ್ಟರೆ ತೋಟದ ಕೆಲಸಕ್ಕೆ ಹೋಗುವವರೂ ಬರಬಹುದು.

– ಒಬ್ಬ ಓದುಗ, ಮಡಿಕೇರಿ ತಾಲ್ಲೂಕು, ಕೊಡಗು