ಮಳೆ ಹಿಡಿಯೋಕೆ ಮುಂಚೆ ನಮ್ಮ ಶಾಲೆಗೆ ಕೈಜೋಡಿಸಿ

ಎಲ್ರಿಗೂ ನಮಸ್ಕಾರ. ಶಾಲೆಯ ಹಳೆ ವಿದ್ಯಾರ್ಥಿಗಳು, ಊರು ಬಿಟ್ಟು ಬೆಂಗಳೂರು ಮೈಸೂರು ದುಬೈ ಅಂತ ಸೇರ್ಕೊಂಡಿರೋರು, ಇಲ್ಲೇ ತೋಟ ಗದ್ದೆ ನೋಡ್ಕೊಂಡಿರೋರು, ಎಲ್ರೂ ಸ್ವಲ್ಪ ಪುರುಸೊತ್ತು ಮಾಡ್ಕೊಂಡು ಓದಿ. ಕೊಡಗಿನ ನಾಪೋಕ್ಲು, ಭಾಗಮಂಡಲ ಮಧ್ಯದ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಲಿ (ಶಾಲಾಭಿವೃದ್ಧಿ ಸಮಿತಿ) ನಾನಿದೀನಿ, ನನ್ನ ಮಗಳೂ ಅಲ್ಲೇ ಆರನೇ ಕ್ಲಾಸು. ದುಡ್ಡು ಕೇಳೋಕೇ ಬರೀತಿರೋದು, ಸುತ್ತಿ ಬಳಸಿ ಹೇಳಲ್ಲ. ಆದ್ರೆ ಯಾವ ಮಕ್ಕಳಿಗೆ ಕೊಡ್ತಿದೀವಿ, ಅವ್ರು ಏನ್ ಮಾಡ್ತಿದಾರೆ ಅನ್ನೋದು ಕೊಡೋರಿಗೆ ಗೊತ್ತಿರ್ಬೇಕಲ್ವಾ, ಅದಕ್ಕೆ ಮೊದಲು ಅದೇ ಹೇಳ್ತೀನಿ.

ಹೋದ ವರ್ಷ ಏಳನೇ ಕ್ಲಾಸಿನವ್ರು ಮಳೆ ಲೆಕ್ಕ ಬರೆಯೋಕೆ ಶುರು ಮಾಡಿದ್ರು. ನಮ್ಮಲ್ಲಿ ತೋಟದೋರು ಮಳೆನ ಇಂಚು ಸೆಂಟಲ್ಲೇ (ನೂರು ಸೆಂಟ್‌ಗೆ ಒಂದು ಇಂಚು) ಹೇಳೋದು ನಿಮಗೆ ಗೊತ್ತೇ ಇದೆ, ಬೆಳಿಗ್ಗೆ ಎದ್ದು ಫೋನ್ ಮಾಡಿದ್ರೆ ಮೊದಲನೇ ಮಾತೇ ನಿಮ್ಮಲ್ಲಿ ಎಷ್ಟಾಯ್ತು ಅಂತ. ಪುಸ್ತಕದಲ್ಲಿ ಮಾತ್ರ ಮಿಲಿಮೀಟರ್. ಸೈನ್ಸ್ ಟೀಚರ್ ಇದನ್ನೇ ಹಿಡ್ಕೊಂಡು ಮಕ್ಕಳ ಕೈಲಿ ಮಳೆಮಾಪಕ ಮಾಡಿಸಿದ್ರು. ಎರಡು ಲೀಟರ್ ಬಾಟಲಿ ಮೇಲ್ಭಾಗ ಕುಯ್ದು, ಅದನ್ನೇ ತಲೆಕೆಳಗಾಗಿ ಆಲಿಕೆ ಥರ ಇಟ್ಟು, ತಳ ಉಬ್ಬುತಗ್ಗು ಇರುತ್ತಲ್ಲ, ಅದಕ್ಕೆ ಕಲ್ಲು ತುಂಬಿ ಸೊನ್ನೆ ಗೆರೆವರೆಗೆ ನೀರು ಹಾಕಿ, ಪಕ್ಕದಲ್ಲಿ ಸ್ಕೇಲ್ ಅಂಟಿಸಿ. ಮೊದಲು ಸೂರಿನ ಹತ್ರ ಇಟ್ಟಿದ್ರಂತೆ, ಸೂರಿನ ನೀರೂ ಅದಕ್ಕೇ ಸಿಡಿದು ಲೆಕ್ಕ ಎಲ್ಲೆಲ್ಲೋ ಹೋಯ್ತು, ಆಮೇಲೆ ಮೈದಾನದ ಮಧ್ಯಕ್ಕೆ ಗೂಟ ಹೊಡೆದು ಕಟ್ಟಿದ್ರು. ದಿನಾ ಬೆಳಿಗ್ಗೆ ಪ್ರೇಯರ್‌ಗೆ ಮುಂಚೆ ಇಬ್ರು ಕೊಡೆ ಹಿಡ್ಕೊಂಡು ಹೋಗಿ ನೋಡಿ ಬಂದು ಬೋರ್ಡಲ್ಲಿ ಎರಡೂ ಲೆಕ್ಕ ಬರೀಬೇಕು, ಒಂದು ಇಂಚಿಗೆ 25.4 ಮಿಲಿಮೀಟರ್, ಹಂಗಾದ್ರೆ 2 ಇಂಚು 35 ಸೆಂಟ್ ಅಂದ್ರೆ ಹತ್ತಿರ ಹತ್ತಿರ 60 ಮಿಲಿಮೀಟರ್. ದಶಾಂಶದ ಗುಣಾಕಾರ ಅಂದ್ರೆ ಅಳ್ತಿದ್ದ ಹುಡುಗರು ಈಗ ಪಕ್ಕದ ತೋಟದ ಲೆಕ್ಕ ಬರೆಯೋ ರೈಟರ್ ಹತ್ರ ಹೋಗಿ ನಿಮ್ ಲೆಕ್ಕ ನಮ್ ಲೆಕ್ಕ ಯಾಕೆ ತಾಳೆ ಆಗ್ತಿಲ್ಲ ಅಂತ ವಾದ ಮಾಡಿ ಬರ್ತಾರೆ.

ಇನ್ನೊಂದು ಹೇಳ್ಲೇಬೇಕು. 2024ರಲ್ಲಿ ನಮ್ಮ ನಾಪೋಕ್ಲಲ್ಲೇ ಕೊಡವ ಕುಟುಂಬಗಳ ಹಾಕಿ ಹಬ್ಬ, ಕುಂಡ್ಯೋಳಂಡ ಕುಟುಂಬದೋರು ನಡೆಸಿದ್ದು, ಆಯ್ತಲ್ಲ, 360 ಕುಟುಂಬದ ಟೀಮು ಸೇರಿ ಗಿನ್ನೆಸ್ ದಾಖಲೆ ಆಗಿದ್ದು (1997ರಲ್ಲಿ ಕರಡದಲ್ಲಿ 60 ಟೀಮಿಂದ ಶುರುವಾದ ಹಬ್ಬ ಅದು, ಎಲ್ಲಿಂದ ಎಲ್ಲಿಗೆ ಬಂತು ನೋಡಿ). ಮೊನ್ನೆ ಗಣಿತದ ಮೇಷ್ಟ್ರು ಅದನ್ನೇ ಬೋರ್ಡಿಗೆ ಹಾಕಿ, ಎಲ್ಲಾ ನಾಕ್‌ಔಟ್ ಆದ್ರೆ ಒಟ್ಟು ಎಷ್ಟು ಮ್ಯಾಚ್ ಆಡಿಸ್ಬೇಕು ಅಂತ ಕೇಳಿದ್ರು. ಎಲ್ರೂ 180, 90, 45 ಅಂತ ಅರ್ಧ ಅರ್ಧ ಮಾಡ್ಕೊಂಡು ಹೋದ್ರು, 45 ಬಂದಾಗ ಒಂದು ಟೀಮ್ ಉಳೀತು, ಅದಕ್ಕೆ ಬೈ (ಆಡದೇ ಮುಂದಿನ ಸುತ್ತಿಗೆ ಹೋಗೋದು) ಕೊಡ್ಬೇಕಾ ಬೇಡ್ವಾ ಅಂತ ಗಲಾಟೆ. ಹಿಂದಿನ ಬೆಂಚಲ್ಲಿ ತೋಟದ ಕೂಲಿಯೋರ ಲೈನ್ ಮನೆ ಕಡೆಯ ಒಬ್ಬ ಹುಡುಗಿ, ಜಾಸ್ತಿ ಮಾತಾಡಲ್ಲ ಅದು, ಎದ್ದು ನಿಂತು 359 ಸಾರ್ ಅಂತು. ಹೆಂಗೆ ಹೇಳ್ದೆ ಅಂದ್ರೆ, ಒಂದ್ ಮ್ಯಾಚಿಗೆ ಒಂದ್ ಟೀಮ್ ಮನೆಗೆ ಹೋಗುತ್ತೆ, ಕೊನೆಗೆ ಒಂದೇ ಉಳೀಬೇಕು, ಅಷ್ಟೇ ಅಲ್ವಾ ಸಾರ್ ಅಂತ. ಮೇಷ್ಟ್ರು ಸ್ಟಾಫ್‌ರೂಮಿಗೆ ಬಂದು ಎಲ್ರ ಹತ್ರನೂ ಹೇಳ್ಕೊಂಡ್ರು, ನಮ್ಮ ಎಸ್‌ಡಿಎಂಸಿ ಮೀಟಿಂಗಲ್ಲಿ ಅರ್ಧ ಗಂಟೆ ಇದೇ ಮಾತು.

ಪ್ರತಿಭಾ ಕಾರಂಜಿಲಿ ಐದನೇ ಕ್ಲಾಸಿನ ಹುಡುಗ ಗದ್ದೆ ಮಣ್ಣಲ್ಲಿ ಆನೆ ಮಾಡಿ ಕ್ಲಸ್ಟರಲ್ಲಿ ಫಸ್ಟ್ ಬಂದ. ಆನೆ ಎಲ್ರೂ ಮಾಡ್ತಾರೆ, ಇವನು ಮಾತ್ರ ಅದರ ಕುತ್ತಿಗೆಗೆ ರೇಡಿಯೋ ಕಾಲರ್ ಹಾಕಿದ್ದ, ಕಾಡಾನೆಗೆ ಫಾರೆಸ್ಟ್‌ನೋರು ಕಟ್ತಾರಲ್ಲ ಅದೇ. ತಾಲ್ಲೂಕಲ್ಲಿ ಏನೂ ಬರ್ಲಿಲ್ಲ, ಪರವಾಗಿಲ್ಲ. ಎಂಟನೇ ಕ್ಲಾಸಿಂದ ಇಬ್ರು ಎನ್‌ಎಂಎಂಎಸ್ ಪಾಸಾಗಿದಾರೆ. ಗೊತ್ತಿಲ್ಲದೋರಿಗೆ ಹೇಳ್ತೀನಿ, ಇದು ಸರ್ಕಾರಿ ಮತ್ತೆ ಅನುದಾನಿತ ಶಾಲೆ ಮಕ್ಕಳಿಗೆ ಇರೋ ಸ್ಕಾಲರ್‌ಶಿಪ್ ಪರೀಕ್ಷೆ, ಪಾಸಾಗಿ ಸೆಲೆಕ್ಟ್ ಆದ್ರೆ ಒಂಬತ್ತರಿಂದ ಪಿಯುಸಿ ಮುಗಿಯೋವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಕೂಲಿ ಮನೆಯೋರಿಗೆ ಅದು ಸಣ್ಣ ದುಡ್ಡಲ್ಲ, ಮಗಳನ್ನ ಹೈಸ್ಕೂಲಿಗೆ ಕಳಿಸೋದಾ ತೋಟಕ್ಕೆ ಕಳಿಸೋದಾ ಅನ್ನೋ ತೀರ್ಮಾನ ಎಷ್ಟೋ ಸಲ ಅದರ ಮೇಲೇ ನಿಲ್ಲುತ್ತೆ. ಅದಕ್ಕೆ ಟೀಚರ್‌ಗಳು ಸಂಜೆ ಒಂದು ಗಂಟೆ ಜಾಸ್ತಿ ಕೂತು ಹೇಳ್ಕೊಟ್ಟಿದಾರೆ, ಅವ್ರಿಗೆ ಅದಕ್ಕೆ ಯಾರೂ ಸಂಬಳ ಕೊಡಲ್ಲ.

ಇಷ್ಟೆಲ್ಲಾ ಚೆನ್ನಾಗಿದ್ರೆ ದುಡ್ಡು ಯಾಕೆ ಅಂತ ಕೇಳ್ತೀರಿ. ಸಮಸ್ಯೆ ಇರೋದು ಮಳೆಗಾಲದ್ದು. ಜೂನಿಂದ ಸೆಪ್ಟೆಂಬರ್, ಅಂದ್ರೆ ಶಾಲೆ ಶುರುವಾಗೋ ಹೊತ್ತಿಗೇ. ಜೋರು ಮಳೆ ಬಂದ್ರೆ ಡಿಸಿ ರಜೆ ಕೊಡ್ತಾರೆ, ಭಾಗಮಂಡಲದ ತ್ರಿವೇಣಿ ಸಂಗಮ ತುಂಬಿ ರಸ್ತೆ ಮೇಲೆ ನೀರು ಬಂದ್ರೆ ಆ ಕಡೆ ಮಕ್ಕಳು ಬರೋಕಾಗಲ್ಲ, ಅದು ಯಾರ ಕೈಲೂ ಇಲ್ಲ ಬಿಡಿ. ನಾನು ಹೇಳ್ತಿರೋದು ಶಾಲೆ ಇರೋ ದಿನದ ಬಗ್ಗೆ. ತೋಟದ ಒಳಗಿನ ದಾರೀಲಿ ನಡ್ಕೊಂಡು ಬರೋ ಮಗು ಗೇಟಿಗೆ ಬರೋಷ್ಟರಲ್ಲಿ ಸೊಂಟದವರೆಗೆ ಒದ್ದೆ, ಕಾಲಲ್ಲಿ ಜಿಗಣೆ. ಅದೇ ಒದ್ದೆ ಯೂನಿಫಾರ್ಮಲ್ಲಿ ಸಂಜೆವರೆಗೆ ನಡುಗ್ತಾ ಕೂತಿರುತ್ತೆ, ಎರಡನೇ ದಿನ ಜ್ವರ, ಆಮೇಲೆ ವಾರಗಟ್ಟಲೆ ಗೈರು. ಮನೇಲೂ ಬಟ್ಟೆ ಒಣಗಲ್ಲ, ಇರೋದು ಎರಡು ಜೊತೆ, ಒಂದು ನಿನ್ನೆ ನೆಂದಿದ್ದು ಇನ್ನೊಂದು ಇವತ್ತು ನೆಂದಿದ್ದು. ಹಾಜರಾತಿ ಪುಸ್ತಕ ತೆಗೆದು ನೋಡಿದ್ರೆ ಜುಲೈ ಪೇಜ್ ಯಾವುದು ಅಂತ ಹೆಸರು ನೋಡದೇ ಹೇಳ್ಬಹುದು.

ಇನ್ನು ತಗಡಿನ ಶೀಟ್ ಹಾಕಿರೋ ಎರಡು ರೂಮು. ಮಳೆ ಹೊಡೆಯೋಕೆ ಶುರುವಾದ್ರೆ ಟೀಚರ್ ಎಷ್ಟೇ ಕೂಗಿದ್ರೂ ಮೊದಲನೇ ಬೆಂಚಿಗೂ ಕೇಳಲ್ಲ. ಅದಕ್ಕೆ ಒಂದು ಉಪಾಯ ಮಾಡ್ಕೊಂಡಿದಾರೆ, ಟೀಚರ್ ಪ್ರಶ್ನೆ ಬರೆದಿರೋ ಚೀಟಿ ಎತ್ತಿ ಹಿಡೀತಾರೆ, ಮಕ್ಕಳು ಸ್ಲೇಟಲ್ಲಿ ಉತ್ತರ ಬರೆದು ಎತ್ತಿ ತೋರಿಸ್ತಾರೆ, ಸರಿಯಿದ್ರೆ ಹೆಬ್ಬೆರಳು, ತಪ್ಪಿದ್ರೆ ತಲೆ ಅಲ್ಲಾಡಿಸೋದು. ಲೆಕ್ಕಕ್ಕೆ ಇದು ಚೆನ್ನಾಗೇ ನಡೆಯುತ್ತೆ. ಕನ್ನಡ ಪದ್ಯ, ಉಕ್ತಲೇಖನ, ಇಂಗ್ಲಿಷ್ ಓದ್ಸೋದು ಇದೆಲ್ಲಾ ಹೆಂಗೆ ಮಾಡ್ತೀರಿ? ನಮ್ಮಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ಯರವ ಮಾತಾಡೋ ಮನೆ ಮಕ್ಕಳಿದಾರೆ, ಅಸ್ಸಾಮಿಂದ ತೋಟದ ಕೆಲಸಕ್ಕೆ ಬಂದೋರ ಮಕ್ಕಳೂ ಇದಾರೆ. ಕನ್ನಡ ಕಿವಿಗೆ ಬಿದ್ರೆ ತಾನೇ ಇವ್ರಿಗೆ ಬರೋದು.

ಪುಸ್ತಕ, ಯೂನಿಫಾರ್ಮ್, ಬಿಸಿಯೂಟ, ಹಾಲು, ಮೊಟ್ಟೆ ಸರ್ಕಾರ ಕೊಡುತ್ತೆ, ಅದಕ್ಕೆ ನಾವು ಕೇಳ್ತಿಲ್ಲ. ನಮಗೆ ಬೇಕಾಗಿರೋದು ಮೊದಲು ಗಮ್‌ಬೂಟು ಮತ್ತೆ ರೇನ್‌ಕೋಟು. ಇದನ್ನ ಮಕ್ಕಳಿಗೆ ಕೊಟ್ಟುಬಿಡೋದಲ್ಲ, ಶಾಲೆ ಹೆಸರಲ್ಲೇ ಇಟ್ಟು ಜೂನಲ್ಲಿ ಸೈಜ್ ನೋಡಿ ಕೊಡೋದು, ಮಳೆ ಮುಗಿದ್ಮೇಲೆ ತೊಳೆದು ವಾಪಸ್ ತಗೊಳ್ಳೋದು, ಮಕ್ಕಳ ಕಾಲು ವರ್ಷಕ್ಕೊಂದು ಸೈಜ್ ಬೆಳೆಯುತ್ತೆ, ಒಬ್ರದ್ದು ಇನ್ನೊಬ್ರಿಗೆ ಆಗುತ್ತೆ. ಆಮೇಲೆ ಒಂದೊಂದು ಮಗುಗೂ ಶಾಲೇಲೇ ಇಡೋಕೆ ಒಂದು ಜೊತೆ ಒಣ ಬಟ್ಟೆ, ಟವೆಲ್ಲು, ಅದನ್ನಿಡೋಕೆ ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬ. ದೊಡ್ಡ ಖರ್ಚು ಅಂದ್ರೆ ಆ ಎರಡು ರೂಮಿಗೆ ಒಳಗಿಂದ ಸೀಲಿಂಗ್ ಹೊಡೆಸೋದು, ಮೇಸ್ತ್ರಿ ಬಂದು ಅಳತೆ ತಗೊಂಡು ಹೋಗಿದಾರೆ, ಕೊಟೇಶನ್ ಹೆಡ್‌ಮೇಷ್ಟ್ರ ಹತ್ರ ಇದೆ, ಯಾರು ಬೇಕಾದ್ರೂ ನೋಡ್ಬಹುದು.

ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನೋಟ್‌ಬುಕ್ಕು, ಪೆನ್ಸಿಲ್ ಬಾಕ್ಸು ಕಳಿಸ್ಬೇಡಿ. ಆಗಸ್ಟ್ ಹದಿನೈದಕ್ಕೆ ಎಲ್ರೂ ಅದನ್ನೇ ತಂದು ಮಕ್ಕಳನ್ನ ಸಾಲಾಗಿ ನಿಲ್ಸಿ ಫೋಟೋ ಹೊಡೆದು ಹೋಗ್ತಾರೆ, ಬೀರು ತುಂಬಾ ಅದೇ ಇದೆ. ಬೂಟಿಗೆ ಕೊಟ್ಟೋರ ಹೆಸರು ಗೋಡೆ ಮೇಲೆ ಬರೆಸೋ ಯೋಚನೇನೂ ಇಲ್ಲ, ಜಮಾ ಖರ್ಚು ಮಾತ್ರ ನೋಟಿಸ್ ಬೋರ್ಡಿಗೆ ಹಾಕ್ತೀವಿ, ಗ್ರೂಪಲ್ಲೂ ಬಿಲ್ ಸಮೇತ ಹಾಕ್ತೀವಿ.

ದುಡ್ಡು ಎಸ್‌ಡಿಎಂಸಿ ಜಂಟಿ ಖಾತೆಗೇ ಹಾಕಿ, ಹೆಡ್‌ಮೇಷ್ಟ್ರು ಅಧ್ಯಕ್ಷರು ಇಬ್ರ ಸಹಿ ಇಲ್ದೆ ಅದರಿಂದ ಒಂದ್ ರೂಪಾಯಿ ತೆಗೆಯೋಕಾಗಲ್ಲ. ಖಾತೆ ನಂಬರ್ ಶಾಲೆ ಆಫೀಸಲ್ಲಿ ಕೇಳಿ ತಗೊಳ್ಳಿ, ಯಾರಾದ್ರೂ ಪರ್ಸನಲ್ ನಂಬರಿಗೆ ಫೋನ್‌ಪೇ ಮಾಡಿ ಅಂದ್ರೆ, ನಾನೇ ಅಂದ್ರೂ, ಮಾಡ್ಬೇಡಿ. ರಸೀದಿ ಕೊಡ್ತೀವಿ, ಆದ್ರೆ ಇನ್‌ಕಮ್ ಟ್ಯಾಕ್ಸ್ ವಿನಾಯಿತಿಗೆ 80ಜಿ ನಮ್ ಹತ್ರ ಇಲ್ಲ, ಅದನ್ನ ನಂಬ್ಕೊಂಡು ಕೊಡ್ಬೇಡಿ. ನೂರು ರೂಪಾಯಿ ಆದ್ರೂ ಸಂತೋಷ. ನಾಕೈದು ಜನ ಸೇರಿ ಒಂದು ರೂಮಿನ ಸೀಲಿಂಗ್ ವಹಿಸ್ಕೊಂಡ್ರಂತೂ ತುಂಬಾ ಉಪಕಾರ. ಬೂಟ್ ಆರ್ಡರ್ ಮೇ ಕೊನೆ ಒಳಗೆ ಕೊಡ್ಬೇಕು, ಮಳೆ ಶುರುವಾದ್ಮೇಲೆ ಸಣ್ಣ ಸೈಜ್ ಅಂಗಡೀಲಿ ಸಿಗೋದೇ ಕಷ್ಟ.

ಹಾಂ, ಮನೇಲಿ ಹಳೇ ಹಾಕಿ ಸ್ಟಿಕ್ ಇದ್ರೆ ಅದನ್ನೂ ಕಳಿಸಿ. 1980ರ ಮಾಸ್ಕೋ ಒಲಿಂಪಿಕ್ಸಲ್ಲಿ ಚಿನ್ನ ತಂದ ಟೀಮಲ್ಲಿ ಎಂ.ಎಂ. ಸೋಮಯ್ಯ ಇದ್ರು ಅಂತ ಹೆಮ್ಮೆಯಿಂದ ಹೇಳ್ಕೊಳ್ಳೋ ಜಿಲ್ಲೇಲಿ ನಮ್ಮ ಮಕ್ಕಳು ಒಂದು ಸ್ಟಿಕ್ಕಿಗೆ ಮೂರು ಜನ ಪಾಳಿ ಹಾಕ್ತಿದಾರೆ. ಟೇಪ್ ಸುತ್ತಿರೋದಾದ್ರೂ ನಡೆಯುತ್ತೆ, ಮುರಿದಿರೋದು ಬೇಡ. ನಾಪೋಕ್ಲು ಸಂತೆ ದಿನ ತಂದ್ರೆ ನಾವೇ ಬಂದು ತಗೊಂಡು ಹೋಗ್ತೀವಿ.